ತಮ್ಮನ ವಿಮಾನ

ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೊತ್ತೊಯ್ಯುವ ಬಿದಿರಿನ ಮಂಟಪಕ್ಕೂ ವಿಮಾನ ಎಂದೇ ಹೆಸರು. ದಂಡಿಗೆ ಸೇರಿದ ತಮ್ಮ ಗುರುಪಾದ, "ನಾಳೆ ವಿಮಾನ ಏರುತ್ತೇನೆ" ಎಂದು ಬರೆದಾಗ ಅವ್ವ ಎದೆ ಬಡಿದುಕೊಂಡು ಅತ್ತಿದ್ದಳು. ನಾವೆಲ್ಲ ನಕ್ಕಿದ್ದೆವು. ಅವನ ಬಾಂಬರ್ ವಿಮಾನ ಬರ್ಮಾದ ಕಾಡಿನಲ್ಲಿ ಬಿದ್ದು ಈಗ ನಾಲ್ಕು ತಿಂಗಳು. ದೇಹ ಸಿಗಲಿಲ್ಲ. ಮಗನಿಗೊಂದು ವಿಮಾನ ಕಟ್ಟಲಾಗಲಿಲ್ಲ ಎಂಬ ಕೊರಗಿನಲ್ಲಿ ಅವ್ವ ಸರಿಯಾಗಿ ಉಣ್ಣುತ್ತಿಲ್ಲ.

ಇಂದು ಹುಬ್ಬಳ್ಳಿಯಲ್ಲಿ ಧಾರವಾಡದ ಗಾಡಿಗೆ ಇನ್ನೂ ಹೊತ್ತಿತ್ತು. ಕಮರಿಪೇಟೆಗೆ ಹೋಗಿ, ತಮ್ಮನಿಗೆ ಇಂಜಿನ್ ಕೆಲಸ ಕಲಿಸಿದ ಖಾಸೀಂಸಾಬ್ ಮಿಸ್ತ್ರಿಯವರನ್ನು ಕಂಡೆ. ಅಂಗಡಿಯ ಬಾಗಿಲಲ್ಲಿ, ಗುರುಪಾದ ಸೀಮೆಎಣ್ಣೆ ಡಬ್ಬಿಯ ತಗಡಿನಿಂದ ಮಾಡಿದ್ದ ಪುಟ್ಟ ವಿಮಾನ ಇನ್ನೂ ತೂಗುತ್ತಿತ್ತು. ಅವ್ವನ ಕೊರಗು ಹೇಳಿದೆ.

ಮಿಸ್ತ್ರಿ ಕೈಯ ಎಣ್ಣೆ ಒರೆಸಿಕೊಂಡರು. "ನಿಮ್ಮ ಮಂದಿ ಸತ್ತ ಮ್ಯಾಲ ವಿಮಾನ ಏರ್ತಾರ್ರಿ, ಅದೂ ನಾಕ್ ಮಂದಿ ಹೊತ್ರ. ನಮ್ಮ ಹುಡುಗ ಜೀವ ಇದ್ದಾಗನ ಏರ್ಯಾನ, ತಾನ ನಡಿಸ್ಯಾನ. ಅವ್ವಾರಿಗೆ ಹಿಂಗ ಹೇಳ್ರಿ."

ಆಮೇಲೆ ತಗಡಿನ ವಿಮಾನ ಬಿಚ್ಚಿ ನನ್ನ ಕೈಗಿಟ್ಟರು. "ಇದನ್ನ ಮಾಡಾಕ ಹೋಗಿ ನನ್ನ ಹೊಸಾ ಕತ್ತರಿ ಮೊಂಡ ಮಾಡಿಟ್ಟ, ಮಗಾ. ಒಯ್ರಿ."

ಗಾಡಿ ಅಮರಗೋಳ ದಾಟುವಾಗ ಕಿಟಕಿಯ ಗಾಳಿಗೆ ಅದರ ಮೂತಿಯ ಪಂಖ ಗಿರಗಿರ ತಿರುಗಿತು. ಎದುರು ಕೂತ ಅಜ್ಜಿ ಬಗ್ಗಿ ನೋಡಿದಳು.

"ಯಾರ ಮಾಡಿದ್ದಪಾ ಈ ವಿಮಾನ?"

"ನನ್ನ ತಮ್ಮ, ಅಜ್ಜಿ. ಖರೇ ವಿಮಾನನೂ ನಡಿಸ್ಯಾನ" ಎಂದೆ. ಧ್ವನಿ ನಡುಗಲಿಲ್ಲ. ಅವ್ವನೆದುರಿಗೂ ಹೀಗೇ ಹೇಳಬಲ್ಲೆ.