ಪದ್ಮಾವತಮ್ಮನವರು ಕಿವಿಯಾರೆ ಕೇಳಬೇಕಿದ್ದ ಕರೆ

1997ರಲ್ಲಿ ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಆಗ ಈ ವೃತ್ತಿಯ ಹೆಸರು ಕೇಳಿದವರೇ ಕಡಿಮೆ. ಹೋದ ಮನೆಯಲ್ಲೆಲ್ಲ ‘ಡಾಕ್ಟ್ರಮ್ಮ’ ಎನ್ನುತ್ತಿದ್ದರು. ನಾನು ಡಾಕ್ಟರ್ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಏನಾದರೂ ಅಂದುಕೊಳ್ಳಲಿ ಎಂದು ಸುಮ್ಮನಾಗಿದ್ದೆ. ಆಸ್ಪತ್ರೆಯ ಕೆಲಸ ಮುಗಿಸಿ ಮಧ್ಯಾಹ್ನದ ಹೊತ್ತು ರೋಗಿಗಳ ಮನೆಗೂ ಹೋಗುತ್ತಿದ್ದೆ. ಹಾಗೆ ಆ ವರ್ಷ ಯುಗಾದಿ ಕಳೆದ ಮೇಲೆ ಬಸವನಗುಡಿಯ ವೆಂಕೋಬರಾಯರ ಮನೆಗೆ ಹೋದೆ.

ರಾಯರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಗಾಂಧಿಬಜಾರಿನಲ್ಲಿ ಅವರು ನಡೆದು ಹೋದರೆ ಅಂಗಡಿಯವರಲ್ಲಿ ಅರ್ಧ ಜನ ಎದ್ದು ನಿಲ್ಲುತ್ತಿದ್ದರಂತೆ, ಎಲ್ಲ ಅವರ ಕೈಲಿ ಏಟು ತಿಂದವರೇ. ಅಂಥವರಿಗೆ ಒಂದು ಬೆಳಗ್ಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಬಿದ್ದುಹೋಗಿ ಮಾತೂ ನಿಂತಿತು. ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಹೀಗಾಗುವುದುಂಟು. ಇದನ್ನು ಅಫೇಸಿಯಾ ಎನ್ನುತ್ತಾರೆ. ಎದುರಿನವರು ಹೇಳಿದ್ದು ತಿಳಿಯುತ್ತದೆ, ಹೇಳಬೇಕೆಂದದ್ದೂ ಮನಸ್ಸಿನಲ್ಲಿರುತ್ತದೆ, ಆದರೆ ಪದ ಬಾಯಿಗೆ ಬರುವುದಿಲ್ಲ. ಮೊದಲ ಕೆಲವು ತಿಂಗಳಲ್ಲಿ ಎಷ್ಟು ಮರಳಿದರೆ ಅಷ್ಟು ಲಾಭ.

ಆದರೆ ಬಾಯಿಪಾಠವಾಗಿ ನೂರಾರು ಸಲ ಆಡಿದ ಮಾತು ಎಷ್ಟೋ ಸಲ ಉಳಿದಿರುತ್ತದೆ. ಮಾತೇ ಆಡದವರು ಒಂದು, ಎರಡು, ಮೂರು ಎಂದು ಸಲೀಸಾಗಿ ಎಣಿಸುವುದನ್ನು ಕಂಡಿದ್ದೇನೆ. ಪದ್ಮಾವತಮ್ಮ, ಅಂದರೆ ರಾಯರ ಹೆಂಡತಿ, ವಿಷ್ಣು ಸಹಸ್ರನಾಮ ಹೇಳಿಸಿ ನೋಡಿದ್ದರು. ತುಟಿ ಅಲುಗಿರಲಿಲ್ಲ. ರಾಯರಲ್ಲಿ ಉಳಿದಿದ್ದದ್ದೇ ಬೇರೆ. ನಾನು ಮೊದಲ ದಿನ ನಮಸ್ಕಾರ ಹೇಳಿದ್ದಕ್ಕೆ ಅವರು ನನ್ನನ್ನೇ ದಿಟ್ಟಿಸಿ, ತರಗತಿಯ ಗತ್ತಿನಲ್ಲಿ, “ಬೈ ಮೈಸೆಲ್ಫ್, ಬೈ ಯುವರ್‌ಸೆಲ್ಫ್, ಬೈ ಹಿಮ್‌ಸೆಲ್ಫ್” ಎಂದು ಒಂದೇ ಉಸಿರಿಗೆ ಹೇಳಿದರು. ನಾನು ಕಕ್ಕಾಬಿಕ್ಕಿಯಾದೆ.

ಅವರ ಮಗಳು ವೀಣಾ ಬಿಡಿಸಿ ಹೇಳಿದಳು. ಅವಳೂ ಬೆಳಗಿನ ಶಾಲೆಯೊಂದರಲ್ಲಿ ಟೀಚರ್, ತಂದೆ ತಾಯಿಯ ಜೊತೆಗೇ ಇದ್ದವಳು. “ಅಪ್ಪ ಈ ಪಾಠಾನ ಕೋರಸ್‌ನಲ್ಲಿ ಹೇಳಿಸ್ತಿದ್ರು ಮೇಡಂ. ಬೀದಿಗೆಲ್ಲ ಕೇಳಿಸೋದು.” ಇಂಗ್ಲಿಷಿನಲ್ಲಿ ‘ಬೈ’, ‘ಫಾರ್’ ಇಂಥ ಸಣ್ಣ ಪದಗಳ ಬೆನ್ನಿಗೆ ‘ಮೈಸೆಲ್ಫ್’, ‘ಹರ್‌ಸೆಲ್ಫ್’ ಬಂದರೆ ಮಾತಿಗೆ ಒಂದು ಒತ್ತು ಬೀಳುತ್ತದೆ. ‘ಬೈ ಮೈಸೆಲ್ಫ್’ ಎಂದರೆ ಯಾರ ಸಹಾಯವೂ ಇಲ್ಲದೆ, ನಾನೇ. ‘ಐ ವಾಂಟ್ ಟು ಸೀ ಇಟ್’ ಎಂದರೆ ನೋಡಬೇಕು ಅಷ್ಟೆ. ಅದಕ್ಕೆ ‘ಫಾರ್ ಮೈಸೆಲ್ಫ್’ ಸೇರಿದರೆ ಬೇರೆಯವರು ನೋಡಿ ಬಂದು ಹೇಳಿದರೆ ಸಾಲದು, ನಾನೇ ನೋಡಬೇಕು ಎಂದಾಗುತ್ತದೆ. ಇದನ್ನು ರಾಯರು ಮಕ್ಕಳಿಗೆ ನಮ್ಮ ಮಾತಿನಲ್ಲೇ ಕಲಿಸುತ್ತಿದ್ದರಂತೆ. “ಕಣ್ಣಾರೆ, ಕಿವಿಯಾರೆ, ಕೈಯಾರೆ ಅಂತೀವಲ್ಲ, ಅದೇ ಕಣ್ರೋ ಇದು! ಗ್ರಾಮರ್ ಅಂದ್ರೆ ಯಾಕೆ ಹೆದರ್ತೀರಾ?” ಎಷ್ಟು ಚಂದದ ಪಾಠ! ಅದನ್ನು ಕೇಳುವ ಭಾಗ್ಯ ನನಗಿರಲಿಲ್ಲ. ನನಗೆ ಸಿಕ್ಕಿದ್ದು ಅರ್ಥ ಉದುರಿಹೋದ ಆ ಬಾಯಿಪಾಠ ಮಾತ್ರ. ಕಾಫಿ ಬೇಕಾ ಎಂದರೂ ಅದೇ, ನೋವಿದೆಯಾ ಎಂದರೂ ಅದೇ. ಹೇಳಬೇಕೆಂದದ್ದು ಅದಲ್ಲ ಎಂದು ತಮಗೇ ತಿಳಿದು ರಾಯರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಮೊದಲ ವಾರವೇ ಪದ್ಮಾವತಮ್ಮ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು ಸೆರಗು ಹಿಂಡುತ್ತಾ ನಿಂತರು. “ನೋಡೀಮ್ಮ, ಅವರು ಭಾಷಣ ಮಾಡೋದು ಬೇಡ. ನನ್ನನ್ನ ಹೆಸರು ಹಿಡಿದು ಯಾವತ್ತೂ ಕರೆದೋರಲ್ಲ. ‘ಲೇ ಇವಳೇ’ ಅಂತಿದ್ರು. ಮದುವೆಯಾದಾಗಿಂದ ಅದೇ. ಅದೊಂದನ್ನ ಕೇಳಿಸಿಬಿಡಿ, ಸಾಕು.” ನಾನು ಯಾರಿಗೂ ಸುಲಭವಾಗಿ ಮಾತು ಕೊಡುವವಳಲ್ಲ. ಪ್ರಯತ್ನ ಮಾಡೋಣ ಎಂದೆ.

ಬಾಯಿಪಾಠವನ್ನೇ ಏಣಿ ಮಾಡಿಕೊಂಡೆ. ನಾನು ಶುರು ಮಾಡಿ ಕೊನೆಯ ಪದವನ್ನು ಬಿಟ್ಟುಬಿಡುತ್ತಿದ್ದೆ, ಅವರು ತುಂಬುತ್ತಿದ್ದರು. ಆಮೇಲೆ ಅವರ ಎಡಗೈಯನ್ನು ಹಿಡಿದು ಮೇಜಿನ ಮೇಲೆ ತಾಳ ತಟ್ಟಿಸುತ್ತಾ ಸಣ್ಣ ಮಾತುಗಳನ್ನು ರಾಗವಾಗಿ ಎಳೆದು ಹೇಳಿಸುತ್ತಿದ್ದೆ. ಮಾತು ಬಾರದವರಿಗೂ ರಾಗ ಕೈಕೊಡುವುದಿಲ್ಲ. ‘ಲೇ ಇವಳೇ’ ಎಂಬುದನ್ನು ರಾಯರು ಯಾವ ರಾಗದಲ್ಲಿ ಕರೆಯುತ್ತಿದ್ದರೆಂದು ವೀಣಾ ನನಗೆ ಕಲಿಸಿದಳು. ‘ಲೇ’ ಚಿಕ್ಕದು, ‘ಇ’ ಮೇಲಕ್ಕೆ, ಕೊನೆಯ ‘ಳೇ’ ಉದ್ದ. ಬಸ್ಸಿನಲ್ಲಿ ಕುಳಿತು ಗುನುಗಿ ಅಭ್ಯಾಸ ಮಾಡುತ್ತಿದ್ದೆ. ಪಕ್ಕದ ಹೆಂಗಸು ಸೀಟು ಬದಲಾಯಿಸಿದ್ದೂ ಉಂಟು.

ತೊಡಕಾಗಿದ್ದು ಪದ್ಮಾವತಮ್ಮನವರ ಆರೈಕೆ. ಬಾಯಾರಿಕೆ ಆಗುವ ಮೊದಲೇ ನೀರು, ಬೆವರುವ ಮೊದಲೇ ಬೀಸಣಿಗೆ. ಬಲಗೈ ಬಿದ್ದುಹೋದ ಮೇಲೆ ಅನ್ನವನ್ನೂ ಅವರೇ ತಿನ್ನಿಸುತ್ತಿದ್ದರು. ಎಡಗೈಗೆ ಚಮಚ ಕೊಡಿ ಎಂದರೆ, “ರಾಮ ರಾಮಾ, ಎಡಗೈಲಿ ಊಟ ಮಾಡೋದುಂಟಾ?” ಎಂದು ಕೆನ್ನೆ ಬಡಿದುಕೊಂಡರು. ಒಂದು ದಿನ ನಾನು ಹೋದಾಗ ಊಟ ತಡವಾಗಿ ನಡೆಯುತ್ತಿತ್ತು. ನನಗೆ ರೇಗಿತು. ಚಮಚವನ್ನು ತಟ್ಟೆಯಲ್ಲಿಟ್ಟು, “ನೀವು ಸ್ವಲ್ಪ ಕೈ ಕಟ್ಟಿ ಕೂತ್ಕೊಳ್ಳಿ” ಎಂದು ಪದ್ಮಾವತಮ್ಮನವರಿಗೆ ಹೇಳಿದೆ. ರಾಯರು ಚಮಚ ನೋಡಿದರು, ಹೆಂಡತಿಯನ್ನು ನೋಡಿದರು. ಎಡಗೈ ನಿಧಾನವಾಗಿ ಮೇಲೆದ್ದಿತು. ಮೊಸರನ್ನ ಅಂಗಿಯ ಮೇಲೆಲ್ಲ ಬಿತ್ತು. ಆದರೂ ಒಂದು ತುತ್ತು ಬಾಯಿಗೆ ಹೋಯಿತು. ಪದ್ಮಾವತಮ್ಮ ತಡೆಯಲಾರದೆ ಕೈ ಚಾಚಿದರು. ರಾಯರು ಆ ಕೈಯನ್ನು ಪಕ್ಕಕ್ಕೆ ಸರಿಸಿ, “ಬೈ ಮೈಸೆಲ್ಫ್” ಎಂದರು. ಅಷ್ಟೇ ಹೇಳಿ ನಿಲ್ಲಿಸಿದರು.

ನನಗೆ ಕುಣಿಯುವಷ್ಟು ಸಂತೋಷ. ಬಾಯಿಪಾಠ ಅಂದು ಮಾತಾಗಿತ್ತು! ತಿರುಗಿ ನೋಡಿದರೆ ಪದ್ಮಾವತಮ್ಮ ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಒಲೆಕಟ್ಟೆಗೆ ಒರಗಿ ಬಿಕ್ಕುತ್ತಿದ್ದರು. “ಏನಂದ್ರು ಅವರು?” ಎಂದು ಮಗಳನ್ನು ಕೇಳಿದರು. “ನಾನೇ ತಿಂತೀನಿ ಅಂದ್ರು ಕಣಮ್ಮ.” “ನಾನು ಬೇಡ ಅಂದ್ರು ಅನ್ನು.” ಅಲ್ಲ ಎಂದು ನಾವಿಬ್ಬರೂ ಎಷ್ಟು ಹೇಳಿದರೂ ಅವರ ಕಣ್ಣು ಒಣಗಲಿಲ್ಲ. ಗಂಡ ಎಡಗೈಯಲ್ಲಿ ಉಣ್ಣುವುದನ್ನು ನೋಡುವ ಸಂಕಟ ಒಂದು, ತನ್ನ ಕೈ ತಳ್ಳಿದ ಸಂಕಟ ಇನ್ನೊಂದು.

ಆಮೇಲೆ ಅವರನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ. ರಾಯರು ನಿಮ್ಮನ್ನು ಕರೆಯಬೇಕಾದರೆ ಕರೆಯುವ ಅಗತ್ಯ ಹುಟ್ಟಬೇಕು. ಮೂರೂವರೆಯ ಕಾಫಿಯನ್ನು ಅವರು ಕರೆಯುವವರೆಗೆ ತರಬೇಡಿ. ಅಡುಗೆಮನೆಯಲ್ಲೇ ಇರಿ. ಕರೆದ ತಕ್ಷಣ ಬನ್ನಿ. ತಲೆಯಾಡಿಸಿದರು. ಮರುದಿನ ಗಂಟೆ ಹೊಡೆಯುವುದಕ್ಕೂ ಲೋಟ ಹಿಡಿದು ಬರುವುದಕ್ಕೂ ಸರಿಹೋಯಿತು.

“ಕರೆದ್ರಾ?” ಎಂದೆ.

“ಕಣ್ಣಲ್ಲೇ ಕೇಳಿದ್ರಮ್ಮ.”

“ಕಣ್ಣಲ್ಲಿ ಕೇಳಿದ್ದಕ್ಕೆಲ್ಲ ಕಾಫಿ ಕೊಡ್ತಿದ್ರೆ ಬಾಯಿ ಯಾಕೆ ಬೇಕು ಹೇಳಿ ಅವರಿಗೆ?”

ನಕ್ಕರು. ಆದರೂ ತಂದೇ ತಂದರು. ಗಂಡನನ್ನು ಕಾಫಿಗೆ ಕಾಯಿಸುವುದನ್ನು ಆ ಜೀವ ಕಲಿತಿರಲೇ ಇಲ್ಲ. ಕೊನೆಗೆ ಅವರೇ ಒಂದು ದಾರಿ ಹುಡುಕಿಕೊಂಡರು. “ಮನೇಲಿದ್ರೆ ನನ್ನ ಕೈ ಸುಮ್ನಿರಲ್ಲ ಕಣೀಮ್ಮ. ಆ ಹೊತ್ತಿಗೆ ಎನ್.ಆರ್. ಕಾಲೋನಿ ದೇವಸ್ಥಾನಕ್ಕೆ ಹೋಗಿ ಕೂತ್ಕೋತೀನಿ. ಅವರು ಬಾಯಿ ಬಿಡಲಿ ಅಂತ ಅಲ್ಲೇ ಕೇಳ್ಕೋತೀನಿ.” ಬೇಡ, ಒಳಗಿದ್ದರೆ ಸಾಕು ಎಂದರೂ ಕೇಳಲಿಲ್ಲ. ಅಂದಿನಿಂದ ಮೂರು ಗಂಟೆಗೆ ಡಿಕಾಕ್ಷನ್ ಹಾಕಿಟ್ಟು, ಚಪ್ಪಲಿ ಮೆಟ್ಟಿ ಹಿತ್ತಿಲ ಬಾಗಿಲಿಂದ ಹೊರಟುಬಿಡುತ್ತಿದ್ದರು. ಅವರು ನಾಲ್ಕಕ್ಕೆ ಮರಳಿ ಕಾಫಿ ಕೊಡುವವರೆಗೂ ರಾಯರು ಅಡುಗೆಮನೆಯ ಬಾಗಿಲನ್ನೇ ನೋಡುತ್ತಾ ಕೂರುತ್ತಿದ್ದರು.

ಶ್ರಾವಣದ ಒಂದು ಶುಕ್ರವಾರ. ತಾಳ ಹಾಕಿಸುವ ಪಾಠ ಮುಗಿದಿತ್ತು. ವೀಣಾ ಕಿಟಕಿಯ ಬಳಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಗಡಿಯಾರ ಮೂರೂವರೆ ಹೊಡೆಯಿತು. ರಾಯರು ಬಾಗಿಲ ಕಡೆ ಕತ್ತು ಚಾಚಿದರು. ಎಡಗೈ ತಾನಾಗಿ ಕುರ್ಚಿಯ ತೋಳಿನ ಮೇಲೆ ಒಮ್ಮೆ ತಟ್ಟಿತು. “ಲೇ...” ಎಂದರು. ನಾನು ಉಸಿರು ಬಿಗಿಹಿಡಿದೆ. “ಲೇ ಇವಳೇ!”

ಸ್ಪಷ್ಟವಾಗಿ, ಅದೇ ರಾಗದಲ್ಲಿ. ವೀಣಾಳ ಪೆನ್ನು ಕೆಳಗೆ ಬಿತ್ತು. ಅಡುಗೆಮನೆಯಿಂದ ಉತ್ತರ ಬರಲಿಲ್ಲ, ಅಲ್ಲಿ ಯಾರೂ ಇರಲಿಲ್ಲವಲ್ಲ. ರಾಯರು ಇನ್ನೊಮ್ಮೆ ಕರೆದರು. ವೀಣಾ ಬರಿಗಾಲಲ್ಲೇ ದೇವಸ್ಥಾನಕ್ಕೆ ಓಡಿದಳು. ಪದ್ಮಾವತಮ್ಮ ಏದುಸಿರು ಬಿಡುತ್ತಾ, ಕುಂಕುಮ ಬೆವರಿಗೆ ಇಳಿದು, ಗಂಡನ ಕಾಲ ಬಳಿ ಬಂದು ಕುಳಿತರು. “ಕರೀರಿ, ಬಂದಿದೀನಿ, ಇನ್ನೊಂದ್ಸಲ ಕರೀರಿ.” ರಾಯರು ದಣಿದಿದ್ದರು. ನಗುವುದಕ್ಕೆ ನೋಡಿದರು. ತುಟಿ ಅಲುಗಿತು. ಬಂದದ್ದು, “ಬೈ ಮೈಸೆಲ್ಫ್, ಬೈ ಯುವರ್‌ಸೆಲ್ಫ್...”

“ನಾಳೆ ಕರೀತಾರೆ ಬಿಡಿ. ಒಂದ್ಸಲ ಬಂದ ಮಾತು ಮತ್ತೆ ಬರತ್ತೆ” ಎಂದೆ. ಅದು ಸಮಾಧಾನದ ಮಾತಲ್ಲ, ನಾನು ನಂಬಿದ್ದೇ ಹಾಗೆ. ಮರುದಿನ ಬೆಳಗ್ಗೆ ವೀಣಾ ಫೋನ್ ಮಾಡಿದಳು. ರಾಯರಿಗೆ ಎರಡನೆಯ ಸಲ ಪಾರ್ಶ್ವವಾಯು ಬಡಿದಿತ್ತು. ಆಸ್ಪತ್ರೆಗೆ ಸೇರಿಸುವ ಮೊದಲೇ ಹೋಗಿಬಿಟ್ಟಿದ್ದರು.

ಕರ್ಮಗಳೆಲ್ಲ ಮುಗಿದ ಮೇಲೆ ಮಾತಾಡಿಸಿಕೊಂಡು ಬರಲು ಹೋದೆ. ರಾಯರ ಕುರ್ಚಿ ಅಲ್ಲೇ ಇತ್ತು. ಪದ್ಮಾವತಮ್ಮ ಅದನ್ನು ಸೆರಗಿನಿಂದ ಒರೆಸಿದರು. ಆಮೇಲೆ, “ನೀವು ಕೇಳಿದ್ರಿ, ವೀಣಾನೂ ಕೇಳಿದ್ಲು. ನನ್ನನ್ನ ಕರೆದದ್ದು, ನಾನೊಬ್ಬಳು ಕೇಳಲಿಲ್ಲ ನೋಡಿ” ಎಂದರು. “ಹೇಗೆ ಕರೆದ್ರು, ಒಂದ್ಸಲ ಕರೆದು ತೋರಿಸ್ತೀರಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಎದ್ದು ಅಡುಗೆಮನೆಗೆ ಹೋಗಿಬಿಟ್ಟರು.

ವೀಣಾ ಕಣ್ಣಲ್ಲೇ ಬೇಡಿಕೊಂಡಳು. ಕುರ್ಚಿಯ ತೋಳನ್ನು ಒಮ್ಮೆ ತಟ್ಟಿ, ಅವರ ರಾಗದಲ್ಲೇ ಕರೆದೆ. “ಲೇ ಇವಳೇ.”

“ಬಂದೆ ರೀ” ಎಂದು ಒಳಗಿನಿಂದ ಕೇಳಿಸಿತು. ಲೋಟದ ಸದ್ದಾಯಿತು. ಪದ್ಮಾವತಮ್ಮ ಕಾಫಿ ಹಿಡಿದು ಬಾಗಿಲಿಗೆ ಬಂದರು. ಖಾಲಿ ಕುರ್ಚಿಯನ್ನು ನೋಡಿ ಅಲ್ಲೇ ನಿಂತರು. “ರಾಗ ಅವರದೇ ಕಣೀಮ್ಮ” ಎಂದರು. “ಧ್ವನಿ ಅವರದಲ್ಲ.” ಆ ಕಾಫಿಯನ್ನು ನನ್ನ ಕೈಗೆ ಕೊಟ್ಟರು. ಹೇಗೆ ಕುಡಿದೆನೋ ನನಗೆ ತಿಳಿಯದು.

ರಾಯರು ಮಕ್ಕಳಿಗೆ ಹೇಳಿಕೊಡುತ್ತಿದ್ದ ‘ಫಾರ್ ಹರ್‌ಸೆಲ್ಫ್’ ನನಗೆ ಅರ್ಥವಾದದ್ದು ಅಂದು, ಆ ಬಾಗಿಲಲ್ಲಿ. ಮಾತು ಕಳೆದುಕೊಂಡವರಿಗೆ ಮಾತು ಕಲಿಸಬಹುದು. ಆದರೆ ಅದನ್ನು ಕೇಳಬೇಕಾದವರ ಬದಲಿಗೆ ನಾನು ಕೇಳಿ ಬಂದು ಒಪ್ಪಿಸಲಾರೆ. ನಿವೃತ್ತಳಾಗುವವರೆಗೂ ಯಾವ ಮನೆಗೆ ಹೋದರೂ ಮೊದಲು ಮನೆಯವರನ್ನು ಕರೆದು ರೋಗಿಯ ಎದುರಿಗೆ ಕುರ್ಚಿ ಹಾಕಿಸುತ್ತಿದ್ದೆ. ಅಳು ಬಂದರೆ ಅಳಿ, ಕೈ ಸುಮ್ಮನಿರದಿದ್ದರೆ ಸೆರಗಿನಲ್ಲಿ ಕಟ್ಟಿಕೊಳ್ಳಿ, ಆದರೆ ಎದ್ದು ಮಾತ್ರ ಹೋಗಬೇಡಿ ಎನ್ನುತ್ತಿದ್ದೆ. ಅವರು ಕರೆದಾಗ ನೀವು ಇಲ್ಲಿರಬೇಕು.