ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದ ದಡಿ

…ಅಥವಾ ಡಬ್ಬಿಯ ಮೇಲೆ ಟವೆಲ್ಲು ಇರಲೇ ಇಲ್ಲವೇನೋ. ಇದನ್ನು ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಮೊದಲ ವಾಕ್ಯದಲ್ಲೇ ಕೆಂಪು ದಡಿಯ ಒಂದು ಕೈಮಗ್ಗದ ಟವೆಲ್ಲು ಬಂದು ಡಬ್ಬಿಯನ್ನು ಮುಚ್ಚಿಕೊಂಡಿತು. ಮಳೆ ಹನಿಯುತ್ತಿತ್ತು, ಡಬ್ಬಿ ನೆನೆಯದಿರಲಿ ಎಂದು ಯಾರೋ ಹೊದಿಸಿದ್ದರು, ಹಾಗೆ ಹೊದಿಸುವವರು ಪಕ್ಕದ ಮನೆಯ ಶಂಕ್ರಪ್ಪ ಕಾಕಾ ಒಬ್ಬರೇ. ಇಷ್ಟು ಅಚ್ಚುಕಟ್ಟಾಗಿ ಹೊಂದಿಕೊಳ್ಳುವ ಟವೆಲ್ಲಿನ ಮೇಲೆ ನನಗೆ ಗುಮಾನಿ. ನನ್ನ ನೆನಪಿಗೆ ಒಂದು ಕೆಟ್ಟ ಚಾಳಿಯಿದೆ. ನಡೆದದ್ದನ್ನು ಇದ್ದಂತೆ ಇಡುವುದಿಲ್ಲ, ಕತೆಗೆ ಬೇಕಾದ ಸಾಮಾನನ್ನು ಆಮೇಲೆ ತಂದು ಇಡುತ್ತದೆ.

ಹಾಗಾಗಿ ಟವೆಲ್ಲನ್ನು ಸದ್ಯಕ್ಕೆ ಬಿಡೋಣ. ಡಬ್ಬಿಯಂತೂ ಖರೆ. ಅದರೊಳಗೆ ನನ್ನ ಹಳೆಯ ಕಂಪ್ಯೂಟರಿಗೆಂದು ಪರದೇಶದಿಂದ ತರಿಸಿದ ಗ್ರಾಫಿಕ್ಸ್ ಕಾರ್ಡ್ ಇತ್ತು. ಮತ್ತು ಆ ಡಬ್ಬಿಯ ವಿಷಯದಲ್ಲಿ ನಾನು ಹೇಳಿದ ಸುಳ್ಳೂ ಖರೆ.

ನಾನಿರುವುದು ಬೆಟಗೇರಿಯ ನೇಕಾರರ ಓಣಿಯಲ್ಲಿ. ನೇಕಾರನಲ್ಲ, ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ಇತಿಹಾಸ ಕಲಿಸುವ ಮಾಸ್ತರ, ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಓಣಿಯಲ್ಲಿ ಒಂದು ಕಾಲಕ್ಕೆ ಮನೆಗೊಂದು ಮಗ್ಗವಿತ್ತಂತೆ. ಈಗ ಸದ್ದು ಮಾಡುವುದು ಗೋಡೆಯಾಚೆಯ ಕಾಕಾನ ಮಗ್ಗ ಒಂದೇ. ಹೋದ ವರ್ಷ ಶಾಲೆ ಶುರುವಾದ ಹೊಸದರಲ್ಲಿ ಅವರು ಒಂದು ಕೌದಿಯನ್ನು ಮಡಚಿ ಎದೆಗವಚಿಕೊಂಡು ನಮ್ಮ ಕಟ್ಟೆಗೆ ಬಂದರು. ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ ಕೌದಿ. ಅದರ ಒಂದು ಮೂಲೆಯಲ್ಲಿ, ಗೇಣುದ್ದ, ಅವರ ಅವ್ವನ ಸೀರೆಯ ದಡಿ ಉಳಿದಿತ್ತು. ಹುಣಸಿ ಹೂವಿನ ದಡಿ ಎಂದರು. ಹಳದಿಯಲ್ಲಿ ಕೆಂಪು ನರ, ಹೂವು ಹೂವಿಗೂ ಒಂದು ಚುಕ್ಕಿ.

"ಇದನ್ನ ತಗಿಯೂ ರಟ್ಟಿನ ಪಟ್ಟಿ ನಮ್ಮ ಅಟ್ಟದಾಗ ಇದ್ದೂರಿ, ಇಲಿ ತಿಂದು ಹಾಕ್ಯಾವ," ಎಂದರು. ದಡಿಯ ಹೂವು ಬರಬೇಕಾದರೆ ಮಗ್ಗದ ಮೇಲೆ ತೂತು ಕೊರೆದ ರಟ್ಟಿನ ಪಟ್ಟಿಗಳ ಸರ ಇರಬೇಕು. ಆ ತೂತು ಕೊರೆಯಬೇಕಾದರೆ ಹೂವನ್ನು ಎಳೆ ಎಣಿಸಿ ಚೌಕುಳಿ ಹಾಳೆಯ ಮೇಲೆ ಇಳಿಸಬೇಕು. "ಮುಂಡರಗಿಯಿಂದ ನಮ್ಮಕ್ಕ ದೀಪಾವಳಿಗೆ ಬರ್ತಾಳ. ಅವ್ವ ಹೋದಮ್ಯಾಲ ನನ್ನ ಎತ್ತಿ ಆಡಿಸಿದಾಕಿ. ಆಕಿಗೆ ಅವ್ವನ ದಡಿದು ಒಂದು ಸೀರಿ ನೇದು ಉಡಸಬೇಕ್ರಿ. ಆಮ್ಯಾಲ ಈ ಕಣ್ಣು ಏನ್ ಹೇಳ್ತಾವೋ ಹೇಳ್ಲಿ."

ಅವರ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು.

"ಕೊಡ್ರಿ ಕಾಕಾ, ಕಂಪ್ಯೂಟರನ್ಯಾಗ ಎಂಟ ದಿನದಾಗ ಮಾಡಿ ಕೊಡ್ತೇನಿ," ಎಂದೆ. ಯಾರೂ ಕೇಳಿರಲಿಲ್ಲ ಎಂಟು ದಿನವನ್ನು. ನಾನೇ ಕೊಟ್ಟೆ.

ಕೌದಿಯ ಫೋಟೋಗಳನ್ನು ಭಾರೀ ದೊಡ್ಡದಾಗಿ ತೆಗೆದೆ. ಅವನ್ನು ತೆರೆದ ಕೂಡಲೇ ನನ್ನ ಕಂಪ್ಯೂಟರು ಎಮ್ಮೆ ಕೆರೆಯಲ್ಲಿ ಕೂತಂತೆ ಕೂತುಬಿಟ್ಟಿತು. ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಮಹಾಂತೇಶ ಅದರ ಹೊಟ್ಟೆ ಬಿಚ್ಚಿ ನೋಡಿ, "ಸರ, ಒಂದ್ ರ‍್ಯಾಮ್ ಹಾಕಿದ್ರ ಮುಗೀತು. ನಾಳೆ ಹುಬ್ಬಳ್ಳಿಂದ ತರಸ್ತೇನಿ," ಎಂದ. ಇಷ್ಟು ಸಣ್ಣ ರೋಗವೆಂದರೆ ನನಗೆ ಅವಮಾನವಾಯಿತು. ಮನೆಗೆ ಬಂದು ಇಂಟರ್ನೆಟ್ಟಿನಲ್ಲಿ ಪರದೇಶದ ಪಂಡಿತರ ವಾದವಿವಾದಗಳನ್ನೆಲ್ಲ ಓದಿದೆ. ಅವರಲ್ಲಿ ಒಬ್ಬನೂ ರ‍್ಯಾಮ್ ಸಾಕು ಎನ್ನಲಿಲ್ಲ. ತೈವಾನಿನ ಒಬ್ಬ ಮಾರಾಟಗಾರನಿಂದ ಕಾರ್ಡ್ ತರಿಸುವುದೆಂದು ನಿಶ್ಚಯಿಸಿದೆ. ಕೌದಿಯ ಹೂವಿಗೂ ಆ ಕಾರ್ಡಿಗೂ ಏನು ಸಂಬಂಧವೆಂದು ಆಗ ಯಾರಾದರೂ ಕೇಳಿದ್ದರೆ ಅರ್ಧ ಗಂಟೆ ಉತ್ತರ ಕೊಡುತ್ತಿದ್ದೆ.

ನನ್ನ ಜಾಣತನ ಅಲ್ಲಿಗೆ ನಿಲ್ಲಲಿಲ್ಲ. ಸುಂಕ ಉಳಿಯಲೆಂದು, ಡಬ್ಬಿಯ ಮೇಲೆ ಉಡುಗೊರೆ ಎಂದು ಬರೆಯಿರಿ ಅಂತ ಮಾರಾಟಗಾರನಿಗೆ ಹೇಳಿದೆ. ಆತ ಸಜ್ಜನ. ಯಾವ ಸಂದರ್ಭದ ಉಡುಗೊರೆ ಎಂದು ಕೇಳಿದ. ಹುಟ್ಟುಹಬ್ಬ ಎಂದೆ. ಡಬ್ಬಿ ಮುಂಬೈಗೆ ಬಂದು ಇಳಿದದ್ದು ಶ್ರಾವಣದ ಹೊತ್ತಿಗೆ. ವಾರ ಬಿಟ್ಟು ಕಸ್ಟಮ್ಸಿನವರ ಪತ್ರ ಬಂತು: ಕೊಟ್ಟವರು ಯಾರು, ನಿಮಗೆ ಏನಾಗಬೇಕು, ನಿಮ್ಮ ಗುರುತಿನ ಚೀಟಿ ಕಳಿಸಿ. ಕಳಿಸಿದೆ. ಕಳಿಸಿದ ಮೇಲೆ ಅದರಲ್ಲಿದ್ದ ಹುಟ್ಟಿದ ದಿನಾಂಕ ಕಣ್ಣಿಗೆ ಬಿತ್ತು.

ನಮ್ಮ ಕಡೆ ನನ್ನ ವಯಸ್ಸಿನವರೆಲ್ಲ ಹುಟ್ಟಿದ್ದು ಜೂನ್ ಒಂದನೇ ತಾರೀಖು. ಶಾಲೆಗೆ ಹಾಕುವಾಗ ಹೆಡ್ ಮಾಸ್ತರರು ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ವರ್ಷವೊಂದನ್ನು ಅಂದಾಜಿನಲ್ಲಿ ಹಿಡಿದು, ತಾರೀಖು ಮಾತ್ರ ಎಲ್ಲರಿಗೂ ಅದನ್ನೇ ಹಂಚುತ್ತಿದ್ದರು. ಅವ್ವ ಹೇಳುವ ಪ್ರಕಾರ ನಾನು ಹುಟ್ಟಿದ್ದು ಜೋಳ ಕೊಯ್ಯುವಾಗ. ಅಂದರೆ ನನಗೆ ಎರಡು ಹುಟ್ಟುಹಬ್ಬ, ಶ್ರಾವಣದಲ್ಲಿ ಒಂದೂ ಇಲ್ಲ.

ಇದನ್ನು ಕಾಕಾನಿಗೆ ಹೇಳಿ ನಗಿಸಿದೆ. ನಕ್ಕರು ಅಂತ ಬರೆಯುತ್ತಿದ್ದೇನೆ, ಆದರೆ ನಕ್ಕದ್ದು ನಾನೇ ಇರಬೇಕು. ಅವರು ಕೇಳಿದ್ದು ಇಷ್ಟು: "ಆಯೇರಿ ಅಂತ ಸುಳ್ಳು ಯಾಕ್ ಬರಸಿದ್ರಿ ಮಾಸ್ತರ? ಆಯೇರಿ ಅಂದ್ರ ಕೊಟ್ಟಾವ್ರ ಹೆಸರು ಕೇಳ್ತಾರಲ್ರಿ."

ಹೌದಲ್ಲ. ಮದುವೆ ಮನೆಯಲ್ಲಿ ಆಯೇರಿ ಮಾಡಿದವರ ಹೆಸರನ್ನು ಮೈಕಿನಲ್ಲಿ ಕೂಗಿಸುವ ಸೀಮೆಯವನು ನಾನು. ಹೆಸರಿಲ್ಲದ ಉಡುಗೊರೆ ದಾಟಿಹೋಗುತ್ತದೆಂದು ನಂಬಿದ್ದೆ.

ಇತಿಹಾಸದ ಮಾಸ್ತರನಾದ್ದರಿಂದ ಒಂದು ಮಾತು ಹೇಳಲೇಬೇಕು, ಸಹಿಸಿಕೊಳ್ಳಿ. ಸುಂಕ ನಮಗೆ ಮುಂಬೈಯಿಂದ ಬಂದದ್ದಲ್ಲ. ನಮ್ಮ ಭಾಗದ ಹಳೆಯ ಶಾಸನಗಳಲ್ಲಿ ಹೆಜ್ಜುಂಕ, ಅಂದರೆ ದೊಡ್ಡ ಸುಂಕ, ಎಂಬ ಮಾತು ಬರುತ್ತದೆ. ಎಲೆಯ ಹೇರಿಗೆ, ಗಾಣಕ್ಕೆ, ಮಗ್ಗಕ್ಕೆ ಕೂಡ ತೆರಿಗೆಯಿತ್ತು. ಯಾವುದು ಯಾವ ದೇವರಿಗೆ ಸಲ್ಲಬೇಕೆಂದು ಕಲ್ಲಿನಲ್ಲಿ ಕೊರೆಸಿದ್ದಾರೆ. ಅಳಿಸಿದವನಿಗೆ ಎಂಥ ಪಾಪವೆಂಬುದನ್ನೂ ಕೊರೆಸಿದ್ದಾರೆ. ಆದರೆ ಸುಂಕದ ಕಟ್ಟೆಯ ಮುಂದೆ ಎತ್ತು ನಿಲ್ಲಿಸಿ, ಹೇರಿನಲ್ಲಿ ಇರುವುದು ಬೇರೆ ಏನೋ ಎಂದು ಹೇಳಿ ಸಿಕ್ಕಿಬಿದ್ದವನ ಮುಖ ಹೇಗಿತ್ತು ಎಂದು ಯಾವ ಕಲ್ಲಿನಲ್ಲೂ ನಾನು ಓದಿಲ್ಲ. ಇದ್ದಿದ್ದರೆ ಗುರುತು ಹಿಡಿಯುತ್ತಿದ್ದೆ.

ಕಡೆಗೆ ಬಿಲ್ಲು ಕಳಿಸಿ, ತಪ್ಪೊಪ್ಪಿಕೊಂಡು, ಸುಂಕ ದಂಡ ಎರಡೂ ಕಟ್ಟಿದೆ. ಆಮೇಲೂ ಡಬ್ಬಿ ಅಲ್ಲೇ ಕೂತಿತ್ತು. ಡಬ್ಬಿ ಎಲ್ಲಿದೆ ಎಂದು ತೋರಿಸುವ ಟ್ರ್ಯಾಕಿಂಗ್ ಪುಟವನ್ನು ದಿನಕ್ಕೆ ಮೂವತ್ತು ಸಲ ತೆರೆಯುತ್ತಿದ್ದೆ. ಲಕ್ಷ್ಮೇಶ್ವರದ ಬಸ್ಸಿನಲ್ಲಿ, ಎರಡು ತರಗತಿಗಳ ನಡುವೆ, ಊಟದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು. ದಿನಾ ಬೆಳಿಗ್ಗೆ ಕಾಕಾ ಗೋಡೆಯ ಮೇಲಿಂದ ಕೇಳುತ್ತಿದ್ದರು: "ಏನಂತಾರಿ ಮುಂಬೈದಾವ್ರು? ಬಿಟ್ರೇನ್ರಿ ನಿಮ್ಮ ಸಾಮಾನ?" ಜೈಲಿನಲ್ಲಿರುವ ನೆಂಟನ ಕುಶಲ ಕೇಳಿದ ಹಾಗೆ.

ಅವರ ಮಗ್ಗ ಖಾಲಿಯಾಗಿತ್ತು. ಖಾಲಿ ಅಂದರೆ ಪೂರ್ತಿ ಖಾಲಿಯಲ್ಲ. ಹಳೆಯ ಸೀರೆ ಕೊಯ್ದು ತೆಗೆದ ಮೇಲೆ ನೇಕಾರರು ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ, ತುದಿಗಳನ್ನು ಮಗ್ಗದಲ್ಲೇ ಬಿಡುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ತುದಿಗೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಹಾಗೆ ಕಾದುಕೊಂಡಿದ್ದ ತುದಿಗಳ ಮೇಲೆ ಕಾಕಾ ಮುಂಜಾನೆ ಕೈಯಾಡಿಸಿ ಧೂಳು ಕೊಡವುತ್ತಿದ್ದರು. ಅದನ್ನು ನಾನು ಗೋಡೆಯ ಈಚೆಯಿಂದ ನೋಡಿದ್ದೇನೆ. ಇದನ್ನು ನೆನಪು ಹೊಸದಾಗಿ ತಂದು ಇಟ್ಟದ್ದಲ್ಲ. ಎಷ್ಟೋ ಬೆಳಿಗ್ಗೆ ನೋಡಿದ್ದೇನೆ.

ಡಬ್ಬಿ ಬಂದ ದಿನ ನನ್ನ ಹೆಂಡತಿ ಶಾರದಾ ಶಿರಹಟ್ಟಿಯ ತವರಿಗೆ ಹೋಗಿದ್ದಳು. ಮನೆಗೆ ಬೀಗ. ಸಂಜೆ ನಾನು ಬಸ್ಸಿಳಿದು ಬಂದಾಗ ಡಬ್ಬಿ ನಮ್ಮ ಕಟ್ಟೆಯ ಮೇಲೆ, ಗೋಡೆಗೆ ಒತ್ತಿ ಇತ್ತು. (ಟವೆಲ್ಲು ಇತ್ತೋ ಇಲ್ಲವೋ ಎಂಬುದು ಇಲ್ಲಿಯ ಪ್ರಶ್ನೆ.) ಕೈಕಾಲು ಕೂಡ ತೊಳೆಯದೆ ಕಂಪ್ಯೂಟರು ಬಿಚ್ಚಿದೆ. ಕಾರ್ಡು ಕಂಪ್ಯೂಟರಿನ ಪೆಟ್ಟಿಗೆಗಿಂತ ಎರಡು ಬೆರಳು ಉದ್ದ.

ಒಳಗಿನ ಜಾಗವನ್ನು ನಾನು ಅಳೆದೇ ಇರಲಿಲ್ಲ. ಎರಡು ತಿಂಗಳು ಪರದೇಶದ ಪಂಡಿತರನ್ನು ಓದಿದವನು ಒಂದು ಗೇಣು ಹಾಕಿ ನೋಡಿರಲಿಲ್ಲ. ಮಗ್ಗದ ಪಕ್ಕದ ಮನೆಯಲ್ಲಿ ಇದ್ದುಕೊಂಡು! ಅಳತೆ ಹಿಡಿಯದೆ ಹಾಸು ಮಾಡಿದೆ ಎಂದು ಯಾವ ನೇಕಾರನಿಗೆ ಹೇಳಲಿ?

ಮರುದಿನ ಬೆಳಿಗ್ಗೆ ಗೋಡೆಯ ಮೇಲೆ ಕಾಕಾನ ತಲೆ ಕಂಡಿತು. "ಬಂತೇನ್ರಿ ಮಾಸ್ತರ?"

"ಇಲ್ರಿ ಕಾಕಾ. ಇನ್ನೂ ಕಸ್ಟಮ್ಸನ್ಯಾಗ ಐತಿ."

ಅಷ್ಟೇ. ಬಾಯಿಂದ ಅಷ್ಟು ಸಲೀಸಾಗಿ ಬಂತು, ನಿಜ ಹೇಳಿದಾಗಲೂ ನನ್ನ ದನಿ ಅಷ್ಟು ಸಹಜವಾಗಿರುವುದಿಲ್ಲ. ಅವರು "ಇರ್ಲಿ ಬಿಡ್ರಿ, ಬರ್ತೈತಿ" ಎಂದು ಒಳಗೆ ಹೋದರು. ತಕ್ಷಣ ಹೋದರೋ, ಸ್ವಲ್ಪ ನಿಂತು ಹೋದರೋ? ಈಗ ಕೇಳಿದರೆ ನೆನಪು ಬೇಕಾದಷ್ಟು ಹೊತ್ತು ಅವರನ್ನು ನಿಲ್ಲಿಸಿ ತೋರಿಸುತ್ತದೆ.

ಮಾರನೆಯ ದಿನ ಹೇಳಬಹುದಿತ್ತು. ಆದರೆ ನಿನ್ನೆ ಇಲ್ಲ ಎಂದವನು ಇಂದು ಹೂಂ ಎನ್ನುವುದು ಹೇಗೆ? ಕಾರ್ಡು ಕಪಾಟಿನಲ್ಲಿ ಸ್ವೆಟರುಗಳ ಕೆಳಗೆ ಹೋಯಿತು. ತವರಿಂದ ಬಂದ ಶಾರದಾ ಎರಡೇ ದಿನದಲ್ಲಿ ಅದನ್ನು ಪತ್ತೆ ಹಚ್ಚಿದಳು. ಒಂದು ಬೆಳಿಗ್ಗೆ ನಾನು ಗೋಡೆಯ ಹತ್ತಿರ ಕಸ್ಟಮ್ಸಿನವರನ್ನು ಬೈದು ಒಳಗೆ ಬಂದಾಗ ಕೇಳಿದಳು: "ಮುಂಬೈ ಯಾವಾಗಿಂದ ನಮ್ಮ ಕಪಾಟಿನ್ಯಾಗ ಬಂತ್ರಿ?"

"ಸುಮ್ನಿರಽ, ಕೇಳಿಸ್ತದ."

"ಕೇಳಸಲಿ. ಪಾಪ, ಆ ಮುದುಕಪ್ಪ ಹಾಸು ಕಟ್ಟದಽ ಕುಂತಾನ. ಒಂದ್ ಮಾತು ಹೇಳಾಕ ನಿಮ್ಮ ಗಂಟೇನ್ ಹೋಗ್ತೈತಿ?"

ಮಹಾಂತೇಶನ ಅಂಗಡಿಗೆ ಹೋಗಿ ಅವನು ಹೇಳಿದ ರ‍್ಯಾಮನ್ನು ಹಾಕಿಸಬಹುದಿತ್ತು. ಹೋಗಲಿಲ್ಲ. ಹೋದರೆ ಅವನು ಸರಿ ಎಂದಾಗುತ್ತಿತ್ತು. ಇಂಥ ಕಾರಣಗಳನ್ನು ಬರೆದ ಮೇಲೆ ಓದಿದರೆ ಕಾರಣಗಳಂತೆ ಕಾಣುವುದೇ ಇಲ್ಲ.

ದಸರಾ ಮುಗಿದ ಮೇಲೆ ಗೋಡೆಯಾಚೆ ಮಗ್ಗ ಸದ್ದು ಮಾಡಿತು. ಇನ್ನು ಕಾದರೆ ಹಬ್ಬಕ್ಕೆ ಆಗುವುದಿಲ್ಲವೆಂದು ಕಾಕಾ ಸಾದಾ ದಡಿಯ ಹಾಸು ಕೂಡಿಸಿದ್ದರು.

ದೀಪಾವಳಿಗೆ ನೀಲವ್ವ ಮುಂಡರಗಿಯಿಂದ ಬಂದರು. ಸಣ್ಣಗೆ, ಬಾಗಿದ ಮುದುಕಿ, ದನಿ ಮಾತ್ರ ಓಣಿಯ ಆ ತುದಿಗೆ ಕೇಳುವಂಥದ್ದು. ಪಾಡ್ಯದ ದಿನ ನಮ್ಮನ್ನೂ ಹೋಳಿಗೆಗೆ ಕರೆದಿದ್ದರು. ಕಾಕಾ ಸೀರೆ ತಂದು ಅಕ್ಕನ ಉಡಿಯಲ್ಲಿಟ್ಟರು. ಆಕೆ ಮಡಿಕೆ ಬಿಚ್ಚಿ, ಹೆಬ್ಬೆರಳಿನಿಂದ ದಡಿಯುದ್ದಕ್ಕೂ ಸವರುತ್ತ ಹೋದರು, ಕುರುಡರು ಸವರುವ ಹಾಗೆ. "ಅಲ್ಲೋ ಶಂಕ್ರ್ಯಾ, ಅವ್ವನ ದಡಿ ಹಾಕ್ತೇನಿ ಅಂತ ಫೋನಿನ್ಯಾಗ ಹೇಳಿದ್ದಿ. ಎಲ್ಲೈತೋ ಹೂವು?"

ಕಾಕಾ ನನ್ನ ಕಡೆ ನೋಡಲಿಲ್ಲ. "ಕಸ್ಟಮ್ಸನ್ಯಾಗ ಐತಿ ಅಕ್ಕಾ," ಎಂದರು.

"ಹಂಗಂದ್ರೇನೋ?"

"ಮುಂಬೈದಾಗ ಹಿಡದಿಟ್ಟಾರ. ಅವ್ವನ ಹೂವಿಗೆ ಸುಂಕ ಕೇಳಾಕತ್ತಾರ."

ಎಲ್ಲರೂ ನಕ್ಕರು. ನೀಲವ್ವ ಎಲ್ಲರಿಗಿಂತ ಜೋರಾಗಿ ನಕ್ಕು, "ಅವ್ವ ಇದ್ದಿದ್ರ ಮುಂಬೈಗೆ ಹೋಗಿ ಜುಟ್ಟು ಹಿಡದು ಬಿಡಿಸ್ಕೊಂಡು ಬರ್ತಿದ್ಲು ನೋಡು," ಎಂದರು. ನಾನೂ ನಕ್ಕೆ. ಬಾಯಲ್ಲಿ ಹೋಳಿಗೆಯಿತ್ತು. ಶಾರದಾ ಮಾತ್ರ ನಗದೆ ತುಪ್ಪದ ಬಟ್ಟಲನ್ನು ನನ್ನ ಕಡೆ ಸರಿಸಿದಳು.

ಹಬ್ಬ ಮುಗಿದ ಮೇಲೆ ಮಹಾಂತೇಶನ ಹತ್ತಿರ ಹೋದೆ. ಹತ್ತು ನಿಮಿಷದ ಕೆಲಸ. ಮೊದಲೇ ಹೇಳಿದ್ದೆನಲ್ಲ ಎಂದು ಅವನು ಅನ್ನಲಿ ಅಂತ ಎರಡು ಸಲ ಅವಕಾಶ ಕೊಟ್ಟೆ, ಅವನು ದುಡ್ಡು ಎಣಿಸಿಕೊಂಡ. ನಾಲ್ಕು ದಿನದಲ್ಲಿ ಹುಣಸಿ ಹೂವು ಚೌಕುಳಿ ಹಾಳೆಗೆ ಇಳಿಯಿತು. ಮುದ್ರಿಸಿಕೊಂಡು ಕಾಕಾನ ಮುಂದಿಟ್ಟೆ. ಅವರು ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಬಾಗಿಲ ಬೆಳಕಿಗೆ ಒಯ್ದರು, ಕಡೆಗೆ ಬೆರಳಿಟ್ಟು ಎಣಿಸತೊಡಗಿದರು.

"ಎಡಗಡೆ ಎಸಳು ಒಂದು ಎಳಿ ಜಾಸ್ತಿ ಆಗೇತ್ರಿ." ಬೆರಳು ತೆಗೆದು ಅಂದರು: "ಕಣ್ಣು ಛಲೋ ಇದ್ದಾಗ ಕೌದಿ ಮುಂದಿಟ್ಕೊಂಡು ಕೈಲೇ ಎಣಿಸಬೇಕಂತ ಮಾಡಿದ್ದೆ. ನೀವು ಮಶೀನಿನ್ಯಾಗ ಮಾಡ್ತೇನಿ ಅಂದ್ರಿ, ಸುಮ್ನ ಕುಂತೆ."

ಇದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಕ್ಷಮೆ ಕೇಳಲು ಒಂದು ಬಾಗಿಲು ಸಿಗುತ್ತಿತ್ತು. ಅವರು ಹಾಳೆಯನ್ನು ಸುತ್ತಿ ಹಳೆಯ ಕ್ಯಾಲೆಂಡರುಗಳ ಜೊತೆ ಜಂತಿಗೆ ಸಿಕ್ಕಿಸಿದರು. ಸಿಕ್ಕಿಸುತ್ತಲೇ ಬೆನ್ನು ಮಾಡಿ ಕೇಳಿದರು: "ಕಡೀಕ ಬಿಟ್ರಲ್ರಿ ಮುಂಬೈದಾವ್ರು?"

"ಬಿಟ್ರುರಿ ಕಾಕಾ," ಎಂದೆ. ಆಗಲೂ.

ಈಗ ಅವರ ಒಂದು ಕಣ್ಣಿನ ಪೊರೆ ತೆಗೆದಿದ್ದಾರೆ. ಇನ್ನೊಂದು ಬಾಕಿ. ಹಾಳೆ ಜಂತಿಯಲ್ಲೇ ಇದೆ. ಕಾರ್ಡು ಕಪಾಟಿನಲ್ಲೇ ಇದೆ, ಸ್ವೆಟರುಗಳ ಕೆಳಗೆ.

ಒಂದು ಸಂಗತಿ ಹೇಳದೆ ಉಳಿಸಿಕೊಂಡಿದ್ದೇನೆ. ಅಂಥ ಡಬ್ಬಿಯನ್ನು ಸಹಿ ಇಲ್ಲದೆ ಅಂಚೆಯವರು ಬಿಟ್ಟುಹೋಗುವುದಿಲ್ಲ. ಆ ದಿನ ನಮ್ಮ ಮನೆಗೆ ಬೀಗವಿತ್ತು. ನಾನು ಸಹಿ ಮಾಡಲಿಲ್ಲ, ಶಾರದಾ ಮಾಡಲಿಲ್ಲ. ಯಾರೋ ಮಾಡಿದ್ದಾರೆ. ಆ ಹೆಸರು ಟ್ರ್ಯಾಕಿಂಗ್ ಪುಟದ ಕೊನೆಯ ಸಾಲಿನಲ್ಲಿ ಇದ್ದಿರಬೇಕು. ದಿನಕ್ಕೆ ಮೂವತ್ತು ಸಲ ಆ ಪುಟ ತೆರೆಯುತ್ತಿದ್ದವನು ಡಬ್ಬಿ ಕೈಗೆ ಬಂದ ಮೇಲೆ ಒಂದು ಸಲವೂ ತೆರೆಯಲಿಲ್ಲ. ಮೊನ್ನೆ ಇದನ್ನು ಬರೆಯಲು ಕೂತಾಗ ತೆರೆದೆ. ಮಾಹಿತಿ ಲಭ್ಯವಿಲ್ಲ ಎಂದಿತು.

ನಮ್ಮ ಓಣಿಗೆ ಟಪಾಲು ತರುವವನು ಆಗಲೂ ಈಗಲೂ ರಾಜೇಸಾಬನೇ. ದಿನಾ ಬರುತ್ತಾನೆ, ಕಾಕಾನ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಾನೆ. ಅವನನ್ನು ಕೇಳಿದರೆ ನೆನಪಿಸಿಕೊಂಡು ಹೇಳಬಹುದು. ಕೇಳಿಲ್ಲ. ಆ ಬೆಳಿಗ್ಗೆ ಗೋಡೆಯ ಮೇಲಿಂದ "ಬಂತೇನ್ರಿ ಮಾಸ್ತರ" ಎಂದು ಕೇಳಿದಾಗ ಕಾಕಾನಿಗೆ ಡಬ್ಬಿ ಬಂದದ್ದು ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.