ಪಾಳಿಯಲ್ಲಿ ನಿಂತ ನೀಲಿ ಕೊಡ

ಬೇಸಿಗೆ ಬಂತೆಂದರೆ ಬೀದರಿನ ನಮ್ಮ ಚಿದ್ರಿಯ ಓಣಿಯಲ್ಲಿ ಮನುಷ್ಯರಿಗಿಂತ ಕೊಡಗಳೇ ಶಿಸ್ತಿನಿಂದ ನಿಲ್ಲುತ್ತವೆ. ಟ್ಯಾಂಕರ್ ಬರುವ ಮೊದಲೇ ಪ್ರತಿ ಮನೆಯ ಕೊಡ ಪಾಳಿ ಹಿಡಿದುಬಿಡುತ್ತದೆ. ಒಡೆಯರು ಒಳಗೆ ಕುಳಿತು ಚಹಾ ಕುಡಿಯುತ್ತಿದ್ದರೂ ಅವರ ಹಕ್ಕಿಗೆ ಚ್ಯುತಿಯಿಲ್ಲ. ಪತ್ರಿಕೆಗೆ ಸುದ್ದಿ ಬರೆದು ಬದುಕುವ ನಾನು, ಕೊಡ ನೋಡಿಯೇ ಮನೆಯ ಕ್ಷೇಮಸಮಾಚಾರ ಹೇಳಬಲ್ಲೆನೆಂದು ಬೀಗುತ್ತಿದ್ದವನು. ಆದರೆ ಓದುಗರೇ, ಒಂದು ನೀಲಿ ಕೊಡದ ಸುದ್ದಿ ನನ್ನ ಕೈ ತಪ್ಪಿಹೋಯಿತು.

ಮಳೆ ಕೈಕೊಟ್ಟ ಆ ವರ್ಷ ಔರಾದ ಕಡೆಯ ಜನ ಗಂಟು ಕಟ್ಟಿಕೊಂಡು ಹೈದರಾಬಾದಿನ ಬಸ್ಸು ಹತ್ತುತ್ತಿದ್ದರೆ, ತಾಂಜಾನಿಯಾದಿಂದ ಓದಲು ಬಂದ ಜೋಸೆಫ್ ಮಾತ್ರ ಬೀದರಿನಲ್ಲೇ ಉಳಿದಿದ್ದ. ಕನ್ನಡವನ್ನು ತರಕಾರಿ ಅಂಗಡಿಯಲ್ಲಿ ಕಲಿತವನು. ಭಾಲ್ಕಿಯಿಂದ ಬಂದು ನೆಲೆಸಿದ ನಿವೃತ್ತ ನರ್ಸ್ ಎಸ್ತೇರಮ್ಮನ ಮಾಳಿಗೆಯ ಕೋಣೆಯಲ್ಲಿ ಅವನ ವಾಸ. ಬೀದಿಗಿಳಿದರೆ ಎಲ್ಲರ ಕಣ್ಣೂ ಅವನ ಕಪ್ಪು ಮೈಯ ಮೇಲೆ. ಕೇಳದೆಯೇ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರು, ಗುಂಗುರು ಕೂದಲನ್ನು ಮುಟ್ಟಿ ನೋಡುವವರು. ಹೀಗಾಗಿ ನಸುಕಿನಲ್ಲೇ ಕೊಡವಿಟ್ಟು ಒಳಸೇರುತ್ತಿದ್ದ. ಟ್ಯಾಂಕರ್ ಬಂದಾಗ ಹಣೆಯ ಮೇಲೆ ಟೊಪ್ಪಿ ಎಳೆದುಕೊಂಡು ಬಂದು, ತುಂಬಿಸಿಕೊಂಡು ಮಾಯವಾಗುತ್ತಿದ್ದ.

ಒಂದು ದಿನ ಟ್ಯಾಂಕರ್ ಹೋದ ಮೇಲೂ ಆ ನೀಲಿ ಕೊಡ ಖಾಲಿಯಾಗಿ ಅಲ್ಲೇ ಕುಳಿತಿತ್ತು. ಹುಡುಗ ಮರೆತನೆಂದುಕೊಂಡೆ ನಾನು. ಎಸ್ತೇರಮ್ಮ ಹಾಗೆಂದುಕೊಳ್ಳಲಿಲ್ಲ, ತಮ್ಮ ನೀರಿನ ಕೊಡವನ್ನು ನನ್ನ ಹೆಗಲಿಗೇರಿಸಿ ಮಾಳಿಗೆ ಹತ್ತಿಸಿದರು.

ಜೋಸೆಫ್ ಗೋಡೆಯತ್ತ ಮುಖ ಮಾಡಿ ಮಲಗಿದ್ದ. ಊಟ ಮಾಡಿದ ಗುರುತಿರಲಿಲ್ಲ. ಕನ್ನಡಿಯನ್ನು ತಿರುವಿಟ್ಟಿದ್ದ, ಕಿಟಕಿಯಲ್ಲಿ ಮುಖ ಬೆಳ್ಳಗಾಗಿಸುವ ಕ್ರೀಮಿನ ಟ್ಯೂಬು.

"ಎಲ್ಲಾರೂ ನೋಡ್ತಾರ ಆಂಟಿ. ನನಗ ನಾನೇ ಬ್ಯಾಡಾಗೀನಿ. ಓದು ಬಿಟ್ಟು ಊರಿಗಿ ಹೋಗ್ತೇನಿ."

ಎಸ್ತೇರಮ್ಮ ಟ್ಯೂಬನ್ನು ಎತ್ತಿ ನೋಡಿದರು. "ಇದು ನಾನೂ ಹಚ್ಚೀನಪ್ಪಾ, ಮದುವಿಗಿ ಮೊದಲಿಂದ. ನೋಡು ನನ್ನ ಮಾರಿ, ಏನರ ಬೆಳ್ಳಗಾಗ್ಯಾದೇನು?"

ಕಪ್ಪಗೆ ಮಿನುಗುವ ಆ ಮುಖವನ್ನು ಅವನು ಹೊರಳಿ ನೋಡಿದ. ನಗಲು ಹೋದವನಿಗೆ ಅಳು ಬಂತು. ಬೆನ್ನು ನೇವರಿಸುತ್ತ ಅವರೆಂದರು: "ಮೈಗಿ ಬಂದಂಗ ಮನಸ್ಸಿಗೂ ಬ್ಯಾನಿ ಬರ್ತದ. ಅದಕ್ಕೂ ಡಾಕ್ಟರ್ ಇದ್ದಾರ. ನಾಳಿ ನಾನೇ ಸಂಗಟ ಬರ್ತೇನಿ. ಊರಿಗಿ ಹೋಗೋದು ಆಮ್ಯಾಲ ನೋಡಮು."

ಇಬ್ಬರೂ ಡಾಕ್ಟರ ಬಳಿ ಹೋದರು, ಒಂದಲ್ಲ, ಹಲವು ಸಲ. ಸರ್ರನೆ ವಾಸಿಯಾಗುವ ಬೇನೆಯಲ್ಲ ಅದು. ಎಷ್ಟೋ ಬೆಳಿಗ್ಗೆ ಎಸ್ತೇರಮ್ಮನೇ ಅವನ ಕೊಡವನ್ನೂ ಪಾಳಿಗೆ ತಂದಿಟ್ಟರು. ಜೊತೆಗೆ ಓಣಿಯವರಿಗೂ ಒಂದು ಡೋಸು ಬಿತ್ತು: "ಏನ್ ನೋಡ್ತೀರಿ? ಅಂವಗ ಹೆಸರದ, ಹೆಸರು ಹಿಡಿದು ಕರೀರಿ!"

ಮೃಗಶಿರಾ ಮಳೆಯೂ ಹುಸಿಹೋದ ಮೇಲೆ ಒಂದು ಬೆಳಿಗ್ಗೆ ನಾನು ತಡವಾಗಿ ಬಂದೆ. ಪಾಳಿಯ ನಡುವೆ ನೀಲಿ ಕೊಡದ ಜಾಗ ಬರಿದಾಗಿತ್ತು. ಹುಡುಗ ಊರಿಗೆ ಹೋಗಿಯೇಬಿಟ್ಟನೋ ಎಂದುಕೊಂಡೆ. ಆದರೂ, ಖಾಲಿ ಜಾಗ ಕಂಡರೆ ತುಂಬಿಬಿಡುವುದು ಪತ್ರಿಕೆಯವರ ಹಳೆಯ ಚಟವಲ್ಲವೇ, ನನ್ನ ಕೊಡವನ್ನು ಅಲ್ಲಿಟ್ಟೆ.

"ಕಾಕಾ, ಅದು ನನ್ನ ಪಾಳಿ ಅದರಿ!"

ಪಾಳಿಯ ಪಕ್ಕದಲ್ಲೇ ಬೇವಿನ ನೆರಳಲ್ಲಿ ನಾಲ್ವರೊಡನೆ ಹರಟುತ್ತಿದ್ದ ಜೋಸೆಫ್. ತಲೆಯ ಮೇಲೆ ಟೊಪ್ಪಿಯಿಲ್ಲ, ಬಗಲಲ್ಲಿ ಆ ನೀಲಿ ಕೊಡ.

"ನೀ ಪಾಳ್ಯಾಗ ಕೊಡಾ ಎಲ್ಲಿ ಇಟ್ಟೀಯಪ್ಪಾ?" ಎಂದೆ, ಸೋಲೊಪ್ಪದೆ.

"ಕೊಡಾ ಯಾಕರಿ? ನಾನೇ ನಿಂತೀನಲ್ಲ!"

ಓಣಿಯ ಕಣ್ಣುಗಳೆಲ್ಲ ಅವನತ್ತ ಹೊರಳಿದವು. ಅವನು ತಲೆ ತಗ್ಗಿಸಲಿಲ್ಲ, ತಗ್ಗಿಸಿದವನು ನಾನು. ಕೊಡವನ್ನೆತ್ತಿಕೊಂಡು ಪಾಳಿಯ ಕೊನೆಗೆ ಹೋಗಿ ಇಟ್ಟೆ. ಎಂದಿನಂತೆ ಚಹಾಕ್ಕೆ ಹೋಗಲು ಮನಸ್ಸಾಗದೆ, ಅಂದು ಅದರ ಪಕ್ಕ ನಾನೂ ನಿಂತೆ.